ಕರಡಿಗೆ ಹಿಡಿದ ಕೈ

ನನ್ನ ಮಗಳ ಕೊರಳು ಅಮುಕುವುದನ್ನು ನಾನು ಕಲಿತದ್ದು ಹಗರಿಬೊಮ್ಮನಹಳ್ಳಿಯ ಒಂದು ಖಾಲಿ ಗೋದಾಮಿನಲ್ಲಿ. ಹೀಗೆ ಬರೆದರೆ ಓದುವವರಿಗೆ ಹೇಗೋ ಆಗಬಹುದು. ನನಗೂ ಹೇಗೋ ಆಗಿತ್ತು. ಆದರೆ ನಡೆದದ್ದು ಅದೇ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ಕೊಟ್ಟೂರಿನಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಶೇಂಗಾ ಹೊಟ್ಟಿನ ಬೆಂಕಿಯ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ಕಾದ ಮರಳು. ಅಕ್ಕಿ ಸುರಿದು ತಿರುವಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ, ಅಷ್ಟರೊಳಗೆ ಜರಡಿಗೆ ಎತ್ತಿ ಹಾಕಬೇಕು. ತಡ ಮಾಡಿದರೆ ಕರಕು. ಗಂಡ ಇದ್ದಾಗ ಇಬ್ಬರೂ ಮಾಡುತ್ತಿದ್ದೆವು, ಅವನು ಹೋದ ಮೇಲೆ ನಾನೊಬ್ಬಳೇ. ಅರವತ್ತು ದಾಟಿದರೂ ನನ್ನ ತೋಳು ಸಡಿಲಾಗಿಲ್ಲ. ಹೊಗಳಿಕೊಳ್ಳಲು ಹೇಳುತ್ತಿಲ್ಲ. ಮುಂದೆ ಈ ತೋಳಿನ ಮಾತೇ ಬರುತ್ತದೆ.

ಮಗಳನ್ನು ಹಡಗಲಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆ. ಹೊಲ ಇದ್ದ ಮನೆ, ಅಳಿಯ ನೋಡಲಿಕ್ಕೆ ಮೆತ್ತಗಿನವನು. ಒಂದು ಮಧ್ಯಾಹ್ನ ಸುಡು ಬಿಸಿಲಿನಲ್ಲಿ ಅವಳು ಕೊರಳಿಗೆ ಟವಲ್ ಸುತ್ತಿಕೊಂಡು ಬಸ್ಸಿಳಿದು ಬಂದಳು. ನಾನು ಜರಡಿ ಹಿಡಿದು ನಿಂತಿದ್ದೆ.

"ಯಾಕಲೇ, ಇಷ್ಟು ಬಿಸಿಲಾಗ ಟವಲ್ ಯಾಕ ಸುತ್ತಿ?"

"ಗಂಟಲು ನೋವು ಯವ್ವ."

ದನಿ ಒಡೆದು ಗೊಗ್ಗರಾಗಿತ್ತು. ನಾನು ಟವಲ್ ಎಳೆದೆ. ಗಲ್ಲದ ಕೆಳಗೆಲ್ಲ ನೀಲಿ. ಲಿಂಗ ಕಟ್ಟಿದ ಶಿವದಾರ ಚರ್ಮದೊಳಗೆ ಒತ್ತಿ ಕೂತು ತೆಳ್ಳಗೆ ಕೆಂಪು ಗೆರೆ ಬಿದ್ದಿತ್ತು.

"ಬಿದ್ದೆ," ಅಂದಳು.

"ಬಿದ್ರ ಮೊಣಕಾಲು ಒಡಿತೈತಿ. ಕೊರಳು ಒಡಿಯಂಗಿಲ್ಲ," ಅಂದೆ.

ಅವಳು ಅಳಲಿಲ್ಲ. ಒಳಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ಕೂತಳು. ಅವತ್ತಿನಿಂದ ಅವಳ ಬೆನ್ನು ಗೋಡೆ ಬಿಡಲೇ ಇಲ್ಲ. ಊಟಕ್ಕೆ ಕೂತರೂ ಗೋಡೆಗೆ, ಕಾಳು ಹಸನು ಮಾಡಿದರೂ ಗೋಡೆಗೆ. ಜಡೆ ಹಾಕೋಣವೆಂದು ನಾನು ಹಿಂದಿನಿಂದ ಹೋದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದಳು. ಏನು ನಡೆಯಿತು ಅಂತ ಬಾಯಿ ಬಿಡಲಿಲ್ಲ. ಕೇಳಿದರೆ ನೆಲ ನೋಡುತ್ತಿದ್ದಳು.

ಎರಡು ದಿನ ಬಿಟ್ಟು ಅಳಿಯನ ಫೋನು ಬಂತು.

"ಅತ್ತಿ, ಸಿಟ್ಟಿನಾಗ ಏನೋ ಆಗಿ ಹೋತು. ಮನಸಿಗೆ ಹಚ್ಕೋಬ್ಯಾಡ್ರಿ. ಜೋಳದ ಸುಗ್ಗಿ ಮುಗೀಲಿ, ಹಿರಿಯರನ್ನ ಕರಕೊಂಡು ಬಂದು ಆಕೀನ್ನ ಕರಕೊಂಡು ಹೋಕ್ಕೀನಿ."

"ಆಕಿ ಕೊರಳು ನೋಡಿಯೇನಪ್ಪಾ?" ಅಂದೆ.

"ಸುಗ್ಗಿ ಮುಗೀಲಿ ಅತ್ತಿ," ಅಂತ ಫೋನು ಇಟ್ಟ.

ನನಗೆ ಹೆದರಿಕೆ ಹತ್ತಿದ್ದು ಆಗ. ಅವನು ಬೈದಿದ್ದರೆ ಹೆದರುತ್ತಿರಲಿಲ್ಲ. ಅಷ್ಟು ಮೆತ್ತಗೆ ಮಾತಾಡಿದನಲ್ಲ, ಅದಕ್ಕೆ ಹೆದರಿದೆ. ಹಿರಿಯರು ಬರುತ್ತಾರೆ, ಚಹ ಕುಡಿಯುತ್ತಾರೆ, ಹೊಂದಿಕೊಂಡು ಹೋಗವ್ವ ಅನ್ನುತ್ತಾರೆ, ಇವಳು ನೆಲ ನೋಡುತ್ತ ಅವರ ಹಿಂದೆ ಹೊರಡುತ್ತಾಳೆ. ಅದಾದ ಮೇಲೆ ಯಾವತ್ತೋ ಒಂದು ದಿನ ಫೋನು ಬರುತ್ತದೆ. ಆ ಫೋನಿನಲ್ಲಿ ಏನು ಹೇಳುತ್ತಾರೆ ಅನ್ನುವುದು ನನಗೆ ಕೂತಲ್ಲಿ ನಿಂತಲ್ಲಿ ಕೇಳಿಸುತ್ತಿತ್ತು. ಭಟ್ಟಿಗೆ ಯಾರೇ ಬರಲಿ, "ಹಡಗಲಿ ಕಡಿ ಜೋಳ ಕಟಾವಾತೇನ್ರಿ?" ಅಂತ ಕೇಳುತ್ತಿದ್ದೆ. ಇನ್ನೂ ಇಲ್ಲ ಅಂದರೆ ಮಂಡಕ್ಕಿ ಒಂದು ಹಿಡಿ ಹೆಚ್ಚು ಹಾಕುತ್ತಿದ್ದೆ.

ಹಗರಿಬೊಮ್ಮನಹಳ್ಳಿಯ ಸ್ಟೇಷನ್ ಹತ್ತಿರ ಮಿರ್ಚಿ ಅಂಗಡಿ ಇಟ್ಟವಳೊಬ್ಬಳು ನಮ್ಮಲ್ಲಿಯೇ ಮಂಡಕ್ಕಿ ಒಯ್ಯುತ್ತಾಳೆ. ಮಗಳ ಕೊರಳು ನೋಡಿ ಅವಳೇ ಹೇಳಿದಳು. ಪೊಲೀಸ್ ಪಡೆಯಲ್ಲಿ ಎಲ್ಲೆಲ್ಲೋ ಇದ್ದು ಬಂದ ಹೆಂಗಸೊಬ್ಬಳು ಅಲ್ಲಿ ಗೋದಾಮು ಬಾಡಿಗೆ ಹಿಡಿದು ಹುಡುಗಿಯರಿಗೆ ಒಂದು ನಮೂನೆ ಕುಸ್ತಿ ಕಲಿಸುತ್ತಾಳಂತೆ. ಜಿಯು-ಜಿತ್ಸು ಅಂತ ಅದರ ಹೆಸರು, ಬ್ರೆಜಿಲ್ ದೇಶದವರದಂತೆ. ಸಣ್ಣ ಮೈಯವರು ದೊಡ್ಡ ಮೈಯವರನ್ನು ಹಿಡಿದು ಹಾಕುವುದು, ಹಿಡಿದರೆ ಬಿಡಿಸಿಕೊಳ್ಳುವುದು.

ಮಗಳು ಬಂದಾಗಿನಿಂದ ತಾನಾಗಿ ಬಾಯಿ ತೆರೆದದ್ದು ಅವತ್ತೇ. "ನಾ ಹೋಕ್ಕೀನಿ," ಅಂದಳು. ಆಮೇಲೆ, "ನೀನೂ ಬಾ ಯವ್ವ."

ಬಸ್ಸಿನಲ್ಲಿ ಹೋಗುವಾಗ ಅಡ್ಡ ಬಂದ ಕುರಿ ಹಿಂಡಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಎಲ್ಲರೂ ಮುಂದಿನ ಸೀಟು ಹಿಡಿದರು. ನಾವಿಬ್ಬರೂ ಎದೆ ಹಿಡಿದೆವು. ನಮ್ಮ ಮುಂದೆ ಕೂತಿದ್ದ ಮುದುಕನೂ ಎದೆ ಹಿಡಿದು, ಹಣೆ ಜಜ್ಜಿಸಿಕೊಂಡ. ನಾವು ಲಿಂಗ ಕಟ್ಟುವವರು. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಸಾಯುವತನಕ ಮೈಬಿಡುವಂತಿಲ್ಲ. ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಹಾಕಿಕೊಳ್ಳುತ್ತೇವೆ. ಬಾವಿಗಿಳಿ, ಗಿಡ ಹತ್ತು, ಓಡು, ಬೀಳು, ಕೈ ಮೊದಲು ಕರಡಿಗೆಗೆ ಹೋಗಬೇಕು ಅಂತ ನಮ್ಮ ಮನೆಗಳಲ್ಲಿ ನಡೆಯಲು ಬರುವ ಮೊದಲೇ ಕಲಿಸುತ್ತಾರೆ. ಬಸ್ಸಿನಲ್ಲಿ ನಾನು ಇದನ್ನು ಯೋಚಿಸಲಿಲ್ಲ. ಯಾರು ಯೋಚಿಸುತ್ತಾರೆ? ಎಲ್ಲ ಆದ ಮೇಲೆ ಆ ಮುದುಕನ ಹಣೆ ನೆನಪಾಯಿತು.

ಗೋದಾಮಿನಲ್ಲಿ ನೆಲದ ತುಂಬ ದಪ್ಪ ರಬ್ಬರಿನ ಹಾಸು. ಕಲಿಸುವವಳು ಹರಪನಹಳ್ಳಿ ಕಡೆಯವಳು, ಗಟ್ಟಿ ಹೆಂಗಸು, ಕೂದಲು ಗಿಡ್ಡ ಕತ್ತರಿಸಿದ್ದಳು. ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು. ಮೈಮೇಲಿನ ಒಡವೆ ಎಲ್ಲ ತೆಗೆಯಬೇಕು ಅಂದಳು. ಮಗಳು ಓಲೆ ತೆಗೆದಳು, ಬಳೆ ತೆಗೆದಳು, ತಾಳಿಯನ್ನೂ ತೆಗೆದು ಸೊಪ್ಪಿನ ಕಟ್ಟು ಒಗೆದ ಹಾಗೆ ನನ್ನ ಚೀಲಕ್ಕೆ ಒಗೆದಳು.

"ಕೊರಳಲ್ಲಿ ಇನ್ನೊಂದು ಇದೆಯಲ್ಲ?"

"ಅದನ್ನ ತೆಗೆಯಾಕ ಬರಂಗಿಲ್ರಿ ಮೇಡಂ. ಅದು ಲಿಂಗ."

ಮೇಡಂ ನಮ್ಮವಳಲ್ಲ. ಆದರೂ ಒತ್ತಾಯ ಮಾಡಲಿಲ್ಲ. "ಸರಿ, ಒಳಗೆ ಸೇರಿಸಿ ಪಿನ್ನು ಹಾಕ್ಕೊ," ಅಂದಳು.

ಮೊದಲ ದಿನವೇ ಎಡವಟ್ಟಾಯಿತು. ಜೋಡಿಗೆ ಬಂದ ಕಾಲೇಜು ಹುಡುಗಿ ಹಿಂದಿನಿಂದ ಹೆಗಲ ಮೇಲೆ ಕೈ ಇಟ್ಟಳೋ ಇಲ್ಲವೋ, ಮಗಳು ಕಿರುಚಿ ಗೋಡೆಗೆ ಹೋಗಿ ಬಿದ್ದಳು. ಆ ಹುಡುಗಿ ಹೆದರಿ ಅಳುವುದೊಂದು, ಇವಳು ನಡುಗುವುದೊಂದು. ಎಲ್ಲರೂ ಹೋದ ಮೇಲೆ ಮೇಡಂ ಬಂದು, ಮುಟ್ಟದೆ, ಎದುರಿಗೆ ದೂರ ಕೂತಳು.

"ಯಾರು ಮುಟ್ಟಿದ್ರೆ ತಡ್ಕೋತೀಯ?"

ಮಗಳು ನನ್ನ ಕಡೆ ಬೆರಳು ಮಾಡಿದಳು.

"ನಾನಾ? ನಾನೇನು ಕುಸ್ತಿ ಆಡಾಕ ಬಂದೀನೇನು? ಚೀಲ ಕಾಯಾಕ ಬಂದೀನಿ," ಅಂದೆ.

"ಚೀಲ ನಾನು ಕಾಯ್ತೀನಿ ದೊಡ್ಡಮ್ಮ," ಅಂದಳು ಮೇಡಂ. "ನೀವು ಸೀರೆ ಬಿಚ್ಚಿಟ್ಟು ಈ ಪ್ಯಾಂಟು ಹಾಕ್ಕೊಳ್ಳಿ."

ಜೀವಮಾನದಲ್ಲಿ ಪ್ಯಾಂಟು ಹಾಕಿದ್ದು ಅದೇ ಮೊದಲು. ಮೇಲೆ ದಪ್ಪ ಬಟ್ಟೆಯ ಅಂಗಿ, ನಡುವಿಗೆ ಪಟ್ಟಿ. ನನ್ನನ್ನು ಕಂಡು ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಯವ್ವ, ಥೇಟ್ ಗ್ಯಾಸ್ ಸಿಲಿಂಡರ್ ಹೊರಾವನಂಗ ಕಾಣ್ತಿ."

"ನಗು, ನಗು. ಕೊರಳು ಕೊಡು ಇತ್ತ," ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಪಟ್ಟು ಹೀಗಿದೆ. ಹಿಂದೆ ಕೂತು ಬಲದ ತೋಳನ್ನು ಎದುರಿನವರ ಕೊರಳ ಸುತ್ತ ತರಬೇಕು, ಮೊಣಕೈಯ ಮಡಿಕೆ ಸರಿಯಾಗಿ ಗಲ್ಲದ ಕೆಳಗೆ ಕೂಡಬೇಕು. ಬಲಗೈ ನಮ್ಮದೇ ಎಡ ರೆಟ್ಟೆಯನ್ನು ಹಿಡಿಯಬೇಕು. ಎಡಗೈ ಅವರ ತಲೆಯ ಹಿಂದೆ. ಆಮೇಲೆ ಎದೆ ಉಬ್ಬಿಸಿ ಅಮುಕುವುದು, ಅಷ್ಟೇ. ಉಸಿರು ಕಟ್ಟಿಸುವುದಲ್ಲವಂತೆ, ಕೊರಳಿನ ಎರಡೂ ಬದಿಯಿಂದ ತಲೆಗೆ ಹೋಗುವ ರಕ್ತ ನಿಲ್ಲಿಸುವುದು. ಸರಿಯಾಗಿ ಕೂತರೆ ಎಂಥ ಗಟ್ಟಿ ಆಳಿಗೂ ಒಂದೆರಡು ಉಸಿರಿನಲ್ಲಿ ಕತ್ತಲೆ ಕವಿಯುತ್ತದೆ. ತಡೆಯಲಾಗದಿದ್ದರೆ ಹಿಡಿದವರ ಮೈಯನ್ನು ಇಲ್ಲವೇ ನೆಲವನ್ನು ತಟ್ಟಬೇಕು. ತಟ್ಟಿದ ತಕ್ಷಣ ಬಿಡಬೇಕು. ತಟ್ಟಿದ ಮೇಲೂ ಬಿಡದವರಿಗೆ ಈ ಬಾಗಿಲೊಳಗೆ ಜಾಗ ಇಲ್ಲ ಅಂದಳು ಮೇಡಂ.

"ಅವರು ತಟ್ಟಲಿಲ್ಲ ಅಂದ್ರ?" ಅಂತ ಕೇಳಿದೆ.

"ತಟ್ಟೇ ತಟ್ತಾರೆ ದೊಡ್ಡಮ್ಮ. ಯಾರಿಗೆ ಜೀವ ಬೇಡ?"

ಮಗಳು ಕಲಿಯಬೇಕಾದದ್ದು ಬಿಡಿಸಿಕೊಳ್ಳುವುದು. ತೋಳು ಬಂದ ಕೂಡಲೇ ಗಲ್ಲವನ್ನು ಎದೆಗೆ ಒತ್ತಬೇಕು, ಎರಡೂ ಕೈಯಿಂದ ಆ ತೋಳಿಗೆ ಜೋತುಬಿದ್ದು ಕೆಳಗೆ ಎಳೆಯಬೇಕು, ಹೆಗಲು ತಿರುವಿ ಹೊರಗೆ ಜಾರಬೇಕು. ಅವಳು ಅದನ್ನು ಕಲಿಯಬೇಕಾದರೆ ನಾನು ಅಮುಕುವುದನ್ನು ಕಲಿಯಬೇಕು.

ನನಗೆ ಆಗಲಿಲ್ಲ. ಅವಳ ಕೊರಳಿಗೆ ತೋಳು ತಂದರೆ ನೀರೆರೆಯಲು ಕೂಸು ಹಿಡಿದ ಹಾಗೆ ಹಿಡಿಯುತ್ತಿದ್ದೆ. ಚರ್ಮದ ಕೆಳಗೆ ನಾಡಿ ಹಾರುವುದು ನನ್ನ ತೋಳಿಗೆ ತಗಲುತ್ತಿತ್ತು. ಅದು ತಗಲಿದೊಡನೆ ಕೈ ತಾನೇ ಸಡಿಲಾಗುತ್ತಿತ್ತು.

"ಹೀಗೆ ಹಿಡಿದ್ರೆ ಆಕೆ ಏನು ಕಲಿತಾಳೆ?" ಮೇಡಂ ಜೋರು ಮಾಡಿದಳು. "ಅವನು ಇಷ್ಟು ಮೆತ್ತಗೆ ಹಿಡಿತಾನಾ?"

"ಇದು ನನ್ನ ಮಗಳ ಕೊರಳ್ರಿ, ಮಂಡಕ್ಕಿ ಚೀಲ ಅಲ್ಲ!"

"ಅದಕ್ಕೇ ಗಟ್ಟಿ ಹಿಡೀರಿ."

ದಿನ ಬಿಟ್ಟು ದಿನ ಹೋದೆವು. ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬಂದೆ. ನಾನು ಕಲಿತೆ. ಅವಳು ಕಲಿಯಲಿಲ್ಲ. ಮೇಡಂ ಎದುರಿಗೆ ನಿಂತು ಬಿಡಿಬಿಡಿಯಾಗಿ ಹೇಳಿಸಿದರೆ ಎಲ್ಲ ಸರಿಯಾಗಿ ಮಾಡುತ್ತಿದ್ದಳು: ಗಲ್ಲ ಇಲ್ಲಿ, ಕೈ ಇಲ್ಲಿ. ಆದರೆ ನಾನು ಹೇಳದೆ ಕೇಳದೆ ತೋಳು ತಂದು ಬಿಗಿದರೆ ಕಟ್ಟಿಗೆಯಾಗಿಬಿಡುತ್ತಿದ್ದಳು. ಎಳೆಯುತ್ತಿರಲಿಲ್ಲ, ತಟ್ಟುತ್ತಿರಲಿಲ್ಲ. ಕೈ ಎದೆಯ ಹತ್ತಿರ ಮಡಚಿಕೊಂಡು ಹಾಗೇ ಕೂತಿರುತ್ತಿದ್ದಳು. ಹಿಂದಿರುವ ನನಗೆ ಕಾಣುವುದು ಅವಳ ಹೆಡಕು ಮಾತ್ರ. ಕಿವಿ ಬೆಳ್ಳಗಾದದ್ದು ಕಂಡು ನಾನೇ ಬಿಡುತ್ತಿದ್ದೆ.

"ಹೆದರಿಕೆಗೆ ಮೈ ಮರಗಟ್ಟಿದೆ. ಟೈಮ್ ಬೇಕು," ಅಂದಳು ಮೇಡಂ.

ಟೈಮ್ ಎಲ್ಲಿತ್ತು? ಕೂಡ್ಲಿಗಿ ಕಡೆ ಜೋಳದ ಹೊಲ ಬರಿದಾಗಿದ್ದವು. ಭಟ್ಟಿಗೆ ಬಂದ ಲಾರಿಯವನು, ಹಡಗಲಿ ಕಡೆಯೂ ಕಟಾವು ಹತ್ತಿತು ಅಂದ. ನಾನು ಬಾಣಲೆಯ ಮುಂದೆ ನಿಂತು ಅಕ್ಕಿ ಕರಕು ಮಾಡಿದೆ.

ಒಂದು ದಿನ ಮೇಡಂ, ಇವತ್ತು ಅದಲು ಬದಲು ಮಾಡಿ ನೋಡೋಣ, ಮಗಳು ಹಿಡಿಯಲಿ, ನೀವು ತಟ್ಟಿ ಅಂದಳು. ನನಗೆ ಒಳಗೊಳಗೇ ಹಿತವಾಯಿತು. ನನ್ನ ಕೊರಳಾದರೆ ಏನಾದರೂ ಆಗಲಿ. ಮಗಳು ಹಿಂದೆ ಬಂದು ಕೂತಳು. ತೋಳು ತಂದಳು. ಅವಳ ಕೈ ನನ್ನ ಕೈಯ ಹಾಗೆ ಹಿಂಜರಿಯಲಿಲ್ಲ, ಮೊದಲ ಸಲಕ್ಕೇ ಸರಿಯಾದ ಜಾಗದಲ್ಲಿ ಕೂತಿತು. ಅಮುಕಿದಳು.

ನೋವಾಗಲಿಲ್ಲ. ಅದನ್ನೇ ಹೇಳಬೇಕು, ನೋವಾಗುತ್ತದೆ, ಆಗ ತಟ್ಟೋಣ ಅಂದುಕೊಂಡಿದ್ದೆ. ಕಿವಿಯಲ್ಲಿ ಮಂಡಕ್ಕಿ ಅರಳುವ ಚಟಪಟ ಸದ್ದು ಬಂತು. ಗೋದಾಮಿನ ಬಾಗಿಲಿನ ಬೆಳಕು ಸಣ್ಣದಾಗುತ್ತ ಹೋಯಿತು. ಅಯ್ಯೋ, ಹೋದೆ ಅನ್ನಿಸಿತು. ಆಮೇಲೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ನನ್ನ ಕಾಲು ಮೇಲಿದ್ದವು, ಮೇಡಂ ಎತ್ತಿ ಹಿಡಿದಿದ್ದಳು. "ಜರಡಿ ಎಲ್ಲಿ?" ಅಂತ ಕೇಳಿದೆನಂತೆ. ಮಗಳು ತಲೆ ತಲೆ ಬಡಿದುಕೊಂಡು ಅಳುತ್ತಿದ್ದಳು.

"ಯವ್ವಾ, ತಟ್ಟಾಕ ಏನಾಗಿತ್ತ ನಿನಗ? ಯಾಕ ತಟ್ಟಲಿಲ್ಲ?"

"ತಟ್ಟಿದೆನಲ್ಲ."

"ಎಲ್ಲಿ ತಟ್ಟಿದಿ? ನೋಡಿಲ್ಲಿ ನಿನ್ನ ಕೈ!"

ನೋಡಿಕೊಂಡೆ. ಎರಡೂ ಕೈ ಎದೆಯ ಮೇಲಿದ್ದವು, ಅಂಗಿಯ ಮೇಲಿನಿಂದಲೇ ಕರಡಿಗೆಯನ್ನು ಹಿಡಿದುಕೊಂಡಿದ್ದವು. ಎಚ್ಚರ ಇಲ್ಲದಾಗಲೂ ಮುಷ್ಟಿ ಬಿಟ್ಟಿರಲಿಲ್ಲ. ಮೇಡಂ ಒಂದೊಂದೇ ಬೆರಳು ಬಿಡಿಸಿದಳು.

ಮಗಳ ಅಳು ನಿಂತಿತು. ನನ್ನ ಮುಷ್ಟಿಯನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

"ಅವತ್ತ ನಾನೂ ಹಿಂಗ ಮಾಡಿದ್ದೆ. ರೊಟ್ಟಿ ಬಡಿಯಾಕ ಕುಂತಿದ್ದೆ. ಹಿಂದಿಂದ ಬಂದು ಹಿಡದ. ಕೈಯಾಗ ರೊಟ್ಟಿ ತಿರುವೋ ಕಡಚಿ ಇತ್ತು ಯವ್ವ, ಒಲಿ ಮುಂದ ಕುಂತಿದ್ದೆ, ಬೆಂಕಿ ಇತ್ತು. ಎಲ್ಲಾ ಬಿಟ್ಟು ಲಿಂಗ ಹಿಡಕೊಂಡೆ. ದಾರ ಹರಿದು ಲಿಂಗ ಬೂದ್ಯಾಗ ಬೀಳ್ತೈತಿ ಅಂತ ಅದೊಂದ ಚಿಂತಿ. ಅವನ ಕೈ ಬಿಡಿಸಬೇಕು ಅಂತ ನೆನಪ ಆಗಲಿಲ್ಲ."

ಮೇಡಂ ನಮ್ಮಿಬ್ಬರ ಎದೆಯನ್ನೂ ನೋಡಿದಳು. "ನಾನು ಇಷ್ಟು ದಿನ ಹೆದರಿಕೆ ಅಂದ್ಕೊಂಡಿದ್ದೆ," ಅಂದಳು. "ಈ ಲಿಂಗ ತೆಗೆದಿಡೋಕೆ ಆಗಲ್ಲ ಅಂದ್ರಿ. ಜಾಗ ಬದಲಿಸೋಕೆ ಆಗುತ್ತಾ?"

ಅದನ್ನು ಹೇಳುವವರು ನಾವಲ್ಲ. ನಮ್ಮ ಮನೆಗೆ ಪೂಜೆಗೆ ಬರುವ ಅಯ್ಯನವರನ್ನು ಕೇಳಿದೆ. ವಯಸ್ಸಾದವರು, ಕಿವಿ ಮಂದ. ಕೂಗಿ ಹೇಳಬೇಕು.

"ಕುಸ್ತಿ ಆಡುವಾಗ ಲಿಂಗ ಕೊರಳಾಗ ಇರಬಾರದಂತ್ರಿ!"

"ಯಾರು ಆಡತಾರ ಕುಸ್ತಿ?"

"ಮಗಳು ಆಡತಾಳ್ರಿ!"

"ಯಾರ ಕೂಡ?"

"ನನ್ನ ಕೂಡ್ರಿ!"

ಅಯ್ಯನವರು ಕಣ್ಣಲ್ಲಿ ನೀರು ಬರುವತನಕ ನಕ್ಕರು. ಆಮೇಲೆ ಮಗಳನ್ನು ಕರೆದು ಎದುರಿಗೆ ಕೂಡಿಸಿಕೊಂಡರು. ಕೊರಳಿನ ಗೆರೆ ಮಾಸಿತ್ತು, ಪೂರ್ತಿ ಹೋಗಿರಲಿಲ್ಲ. ಅವರ ಕಿವಿ ಮಂದ, ಕಣ್ಣು ಮಂದವಲ್ಲ. ನಗು ನಿಂತಿತು. "ಹೊಕ್ಕಳ ಮ್ಯಾಲೆ ಎಲ್ಲಿ ಇದ್ರೂ ನಡಿತೈತವ್ವ," ಅಂದರು. "ಹಿಂದಕ ರೆಟ್ಟಿಗೆ ಕಟ್ಟಿಕೊಳ್ಳಾವರೂ ಇದ್ರು." ಬಿಳಿ ವಸ್ತ್ರದಲ್ಲಿ ಲಿಂಗವನ್ನು ಸುತ್ತಿ, ತಮ್ಮ ಕೈಯಾರೆ ಅವಳ ಎಡ ರೆಟ್ಟೆಗೆ ಕಟ್ಟಿದರು. "ನಿನಗೂ ಕಟ್ಟಲೇನು?" ಅಂದರು ನನಗೆ. ಬೇಡ ಅಂದೆ. ನನ್ನ ಕೊರಳು ಅಮುಕುವವರು ಯಾರು?

ಮರುದಿನ ಗೋದಾಮಿನಲ್ಲಿ ನಾನು ಹೇಳದೆ ಹಿಂದಿನಿಂದ ತೋಳು ಹಾಕಿದೆ. ಅವಳ ಕೈ ಅಭ್ಯಾಸದಂತೆ ಎದೆಗೆ ಹಾರಿದವು. ಅಲ್ಲಿ ಲಿಂಗ ಇಲ್ಲ. ಒಂದು ಗಳಿಗೆ ಆ ಕೈಗಳು ತಡವರಿಸಿದ್ದು ನನಗೆ ಹಿಂದಿನಿಂದಲೂ ತಿಳಿಯಿತು. ಆಮೇಲೆ ಮೇಲೆ ಬಂದು, ಸಿಕ್ಕದ್ದನ್ನು ಹಿಡಿದವು. ಸಿಕ್ಕದ್ದು ನನ್ನ ತೋಳು. ಜೋತುಬಿದ್ದು ಎಳೆದಳು, ಗಲ್ಲ ಒಳಗೆ ಹೋಯಿತು, ಹೆಗಲು ತಿರುಗಿತು. ನಾನು ಅಂಗಾತ ಬಿದ್ದೆ. ಮಗಳು ಎದ್ದು ನಿಂತು ನನ್ನನ್ನು ಮೇಲಿನಿಂದ ನೋಡಿದಳು. ಗೋಡೆ ಅವಳಿಂದ ಬಹಳ ದೂರ ಇತ್ತು.

ಸುಗ್ಗಿ ಮುಗಿಯಿತು. ಅವರು ಬಂದದ್ದು ಮುಂಜಾನೆ, ಭಟ್ಟಿ ಹೊತ್ತಿಸಿದ ಮೇಲೆ. ಅಳಿಯ, ಅವನ ಸೋದರಮಾವ, ಅವರ ಊರಿನ ಹಿರಿಯರೊಬ್ಬರು. ಹೊಸ ಜೋಳದ ಚೀಲ ಒಂದು ತಂದಿದ್ದರು. ಕಟ್ಟೆಯ ಮೇಲೆ ಕೂಡಿಸಿ ಚಹ ಕೊಟ್ಟೆ, ಒಗ್ಗರಣೆ ಮಂಡಕ್ಕಿ ಕೊಟ್ಟೆ.

"ಮಂಡಕ್ಕಿ ಭಾರಿ ಅದಾವ ಬಿಡವ್ವ," ಅಂದರು ಹಿರಿಯರು. "ಈಗ ಮಗಳನ್ನ ಕಳಿಸು. ಗಂಡಸಿನ ಸಿಟ್ಟು ಒಂದು ಗಳಿಗಿದು."

"ಕೊರಳೂ ಒಂದ ಗಳಿಗ್ಯಾಗ ಹೋಗತಿತ್ತಲ್ರೀ," ಅಂದೆ.

ಮಗಳು ಬಾಗಿಲಲ್ಲಿ ನಿಂತಿದ್ದಳು. "ನಾ ಬರಂಗಿಲ್ಲ," ಅಂದಳು. ನೆಲ ನೋಡಿಯೇ ಅಂದಳು, ಆದರೆ ಅಂದಳು.

ಅಳಿಯ ಕಪ್ಪು ಕೆಳಗಿಟ್ಟ. ಸಿಟ್ಟಿನ ಸುಳಿವೇ ಇಲ್ಲ. "ಮಾವ, ಆಕಿ ಕೂಡ ಒಂದ್ ಮಾತು ಆಡಿ ಬರ್ತೀನಿ. ಒಳಗ."

"ಆಡಪ್ಪ. ಗಂಡ ಹೆಂಡ್ತಿ ನಡುವ ನಾವ್ಯಾಕ?" ಅಂದ ಮಾವ.

ಇಬ್ಬರೂ ಭಟ್ಟಿಯ ಕೋಣೆಗೆ ಹೋದರು. ಬೆಂಕಿ ನೋಡಿ ಬರುತ್ತೇನೆ ಅಂತ ನಾನು ಓಣಿಯ ಕಡೆಯ ಬಾಗಿಲಿನಿಂದ ಹೋದೆ. ಹೊಟ್ಟಿನ ರಾಶಿಯ ಹಿಂದಿನಿಂದ ನೋಡಿದೆ. ಅವನು ಮಾತಾಡುತ್ತಿರಲಿಲ್ಲ. ಅವಳು ಬೆಂಕಿಯ ಕಡೆ ತಿರುಗಿದ್ದಳು, ಅವನು ಹಿಂದೆ ನಿಂತಿದ್ದ. ತೋಳು ಬಂತು.

ನನ್ನ ಬಾಯಿಂದ ಕೂಗು ಬರಲಿಲ್ಲ. ಅವಳ ಕೈ ನೋಡಿದೆ. ಕೈಗಳು ಎದೆಗೆ ಹೋಗಿ, ಮೇಲೆ ಬಂದು, ಅವನ ತೋಳಿಗೆ ಜೋತುಬಿದ್ದವು. ಗಲ್ಲ ಇಳಿಯಿತು, ಹೆಗಲು ತಿರುಗಿತು, ಅವಳು ತೋಳಿನ ಹೊರಗಿದ್ದಳು. ಅವನು ತನ್ನ ಖಾಲಿ ತೋಳನ್ನು ನೋಡಿಕೊಂಡ. ಆಗ ಅವನಿಗೆ ನಿಜವಾದ ಸಿಟ್ಟು ಬಂತು. ಮಂಡಕ್ಕಿ ಚೀಲಗಳ ಮೇಲೆ ಅವಳನ್ನು ಕೆಡವಿ, ಮೊಣಕಾಲೂರಿ ಕೂತು, ಎರಡೂ ಕೈಯಿಂದ ಕೊರಳು ಹಿಡಿದ. ಅದರಿಂದ ಬಿಡಿಸಿಕೊಳ್ಳುವುದನ್ನು ನಾವಿನ್ನೂ ಕಲಿತಿರಲಿಲ್ಲ.

ಅವನ ಬೆನ್ನು ನನ್ನ ಕಡೆಗಿತ್ತು. ನಾನು ಹೋಗಿ ಹಿಂದೆ ಮೊಣಕಾಲೂರಿದೆ. ತೋಳು ತಾನೇ ಹೋಯಿತು. ಮಡಿಕೆ ಗಲ್ಲದ ಕೆಳಗೆ ಕೂತಿತು, ಕೈ ರೆಟ್ಟೆ ಹಿಡಿಯಿತು, ಇನ್ನೊಂದು ಕೈ ತಲೆಯ ಹಿಂದೆ. ಮಗಳ ಕೊರಳಿಗೆ ಎಂದೂ ಹಾಕದ ಬಿಗಿ ಹಾಕಿದೆ. ಅವನ ಕೈ ಅವಳನ್ನು ಬಿಟ್ಟವು. ಈಗ ತಟ್ಟುತ್ತಾನೆ, ಈಗ ತಟ್ಟುತ್ತಾನೆ ಅಂತ ಕಾದೆ. ತಟ್ಟಿದರೆ ಬಿಡುವುದು ಅಂತ ನನ್ನ ತೋಳಿಗೆ ಕಲಿಸಿದ್ದರು. ಅವನು ತಟ್ಟಲಿಲ್ಲ. ಅವನಿಗೆ ತಟ್ಟುವುದನ್ನು ಯಾರು ಕಲಿಸಿದ್ದಾರೆ? ನಾನು ಬಿಗಿಯುತ್ತಲೇ ಇದ್ದೆ. ಅವನ ನಾಡಿ ನನ್ನ ತೋಳಿಗೆ ಹೊಡೆಯುತ್ತಿತ್ತು, ಮಗಳ ನಾಡಿ ಹೊಡೆಯುತ್ತಿದ್ದ ಹಾಗೆಯೇ. ಅದನ್ನು ನಿಲ್ಲಿಸಬಹುದು ಅನ್ನುವುದು ನನಗೆ ಗೊತ್ತಿತ್ತು. ನಿಲ್ಲಿಸಬೇಕು ಅಂತಲೂ ಅನ್ನಿಸಿತು. ಸುಳ್ಳು ಬರೆಯುವುದಿಲ್ಲ.

ಅವನ ಹೆಗಲ ಮೇಲಿನಿಂದ ಕೆಳಗೆ ಕಣ್ಣು ಹೋಯಿತು. ಅವನ ಎರಡೂ ಕೈ ಎದೆಯ ಮೇಲಿದ್ದವು. ಅಂಗಿಯ ಗುಂಡಿಯ ನಡುವೆ ತೂರಿ, ತನ್ನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದವು.

ನಾನು ಬಿಟ್ಟೆ.

ಅವನು ಪಕ್ಕದ ಚೀಲದ ಮೇಲೆ ಬೋರಲು ಬಿದ್ದ. ಗೊರ್ ಅಂತ ಒಂದು ಸದ್ದು ಬಂತು. ಸತ್ತ ಅಂದುಕೊಂಡೆ. ಮಗಳು ಕೆಮ್ಮುತ್ತ ಎದ್ದು, ಅವನನ್ನು ಅಂಗಾತ ಹೊರಳಿಸಿ, ಎರಡೂ ಕಾಲು ಎತ್ತಿ ಹಿಡಿದಳು. ಸದ್ದಿಗೆ ಹೊರಗಿನವರು ಒಳಗೆ ಬಂದರು. ಹಿರಿಯರಿಗೆ ಕಂಡದ್ದು ಗಂಡನ ಪಾದ ಹಿಡಿದು ಕೂತ ಹೆಂಡತಿ.

"ಆತಲ್ಲ, ಸಾಕು ಬಿಡವ್ವ. ಇಷ್ಟು ತಗ್ಗಿದಿಯಲ್ಲ, ದೊಡ್ಡಾಕಿ ನೀನು," ಅಂದರು.

"ತಗ್ಗಿಲ್ರಿ ಆಕಿ," ಅಂದೆ. "ರಕ್ತ ತಲಿಗೆ ಇಳೀಲಿ ಅಂತ ಎತ್ಯಾಳ. ಇಲ್ಲಾಂದ್ರ ಹೋಗಿಬಿಡ್ತಾನ ನಿಮ್ಮ ಹುಡುಗ."

ಅವನು ಕಣ್ಣು ಬಿಟ್ಟ. "ಬಸ್ ಬಂತಾ?" ಅಂತ ಕೇಳಿದ. ಆಮೇಲೆ ತನ್ನ ಕಾಲು ಯಾರ ಕೈಯಲ್ಲಿವೆ ಅಂತ ನೋಡಿದ. ಮಗಳು ಕಾಲು ಕೆಳಗಿಟ್ಟು ಹಿಂದೆ ಸರಿದಳು. ಅವಳ ಕೊರಳ ಮೇಲೆ ಬೆರಳು ಮೂಡಿದ್ದವು, ಇನ್ನೂ ಕೆಂಪಗೆ, ಎಣಿಸಬಹುದಾದ ಹಾಗೆ. ಸೋದರಮಾವ ಅದನ್ನೇ ನೋಡುತ್ತ ನಿಂತ. ಹಿರಿಯರು ಏನೋ ಹೇಳಲು ಹೋದರು. ಮಾವ ಕೈ ಅಡ್ಡ ಹಿಡಿದ.

"ಸಾಕ್ರಿ ಗೌಡ್ರ. ಕಳಿಸು ಅಂತ ಯಾವ ಬಾಯಿಲೆ ಕೇಳೋದು?" ಅಂದ. ಅಳಿಯನ ರೆಟ್ಟೆ ಹಿಡಿದು ಎಬ್ಬಿಸಿದ. "ಏಳಲೇ."

ಜೋಳದ ಚೀಲ ಕಟ್ಟೆಯ ಮೇಲೇ ಉಳಿಯಿತು. ಕೆಲವು ದಿನದ ಮೇಲೆ ಮಾವನೊಬ್ಬನೇ ಬಂದು ಮಗಳ ಟ್ರಂಕು, ಬಟ್ಟೆಬರೆ ಇಳಿಸಿ ಹೋದ. ಚೀಲ ಒಯ್ಯಿರಿ ಅಂದೆ. ಇರಲಿ ತಂಗಿ ಅಂದ.

ಅಳಿಯ ಮತ್ತೆ ಬಂದಿಲ್ಲ. ಬರುವುದಿಲ್ಲ ಅಂತ ನನಗೆ ಯಾರೂ ಭಾಷೆ ಕೊಟ್ಟಿಲ್ಲ. ಬಸ್ಸು ನಿಂತ ಸದ್ದಾದರೆ ಈಗಲೂ ಇಳಿಯುವವರ ಮುಖ ನೋಡುತ್ತೇನೆ. ಅದೊಂದು ಹೆದರಿಕೆ. ಇನ್ನೊಂದು ಹೆದರಿಕೆ ಈ ತೋಳಿನದು. ಅವನ ಮುಷ್ಟಿ ಕಣ್ಣಿಗೆ ಬೀಳದಿದ್ದರೆ ನಾನು ಬಿಡುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಮರಳು ತಿರುವುವಾಗ ಅದನ್ನು ನೋಡಿಕೊಳ್ಳುತ್ತೇನೆ. ಯಾವಾಗಲೂ ಇದ್ದ ತೋಳೇ. ಮಗಳಿಗೆ ಇದನ್ನು ಹೇಳಿಲ್ಲ. ಮೇಡಂಗೆ ಹೇಳಿದೆ. "ಅದಕ್ಕೇ ಬರಬೇಕು ನೀವು, ಬಿಡೋದನ್ನ ಕಲಿಯೋಕೆ," ಅಂದಳು.

ಹಾಗಾಗಿ ಈಗಲೂ ಹೋಗುತ್ತೇವೆ. ಮಗಳು ಕಾಲೇಜು ಹುಡುಗಿಯರ ಜೊತೆ ಜೋಡಿ ಆಡುತ್ತಾಳೆ, ಹಿಂದಿನಿಂದ ಯಾರು ಬಂದರೂ ಕಿರುಚುವುದಿಲ್ಲ, ತಿರುಗಿ ನೋಡುತ್ತಾಳೆ. ಕೊನೆಗೆ ನನ್ನ ಹಿಂದೆ ಬಂದು ಕೂತು, "ತಟ್ಟಬೇಕು ನೋಡು ಯವ್ವ," ಅಂತ ಹೇಳಿಯೇ ತೋಳು ಹಾಕುತ್ತಾಳೆ. ಲಿಂಗವನ್ನು ನಾನು ಕೊರಳಿನಿಂದ ಸರಿಸಿಲ್ಲ, ಈ ವಯಸ್ಸಿನಲ್ಲಿ ಸರಿಸುವುದೂ ಇಲ್ಲ. ಕಿವಿಯಲ್ಲಿ ಚಟಪಟ ಸದ್ದು ಬಂದೊಡನೆ ಎಡಗೈ ಕರಡಿಗೆಗೆ ಹೋಗುತ್ತದೆ. ಹೋಗಲಿ ಅಂತ ಬಿಟ್ಟಿದ್ದೇನೆ. ಬಲಗೈಯನ್ನು ಮಾತ್ರ ಎಳೆದು ತಂದು ಅವಳ ತೋಳು ತಟ್ಟುತ್ತೇನೆ. ಅವಳು ಬಿಡುತ್ತಾಳೆ.